ಪಾರವ್ವ ನಂಬಿದ ಹುಡುಗಿ

ನಮ್ಮತ್ತೆ ಪಾರವ್ವ ಹಾಲಿನ ಪೊಟ್ಟಣವನ್ನೂ ನಂಬುವವರಲ್ಲ. ಬೆಳಿಗ್ಗೆ ಬಾಗಿಲ ಮುಂದೆ ಬಿದ್ದಿದ್ದನ್ನು ಎತ್ತಿ, ಅಂಗೈ ಮೇಲೆ ಇಟ್ಟು ಮೇಲೆ ಕೆಳಗೆ ಮಾಡಿ, "ಇವತ್ತ ಕಮ್ಮಿ ಅದ" ಎಂದು ತೀರ್ಪು ಕೊಟ್ಟ ಮೇಲೆಯೇ ಅದಕ್ಕೆ ಒಳಗೆ ಪ್ರವೇಶ. ಮಾವನವರು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ತೂಗುವ ಕೆಲಸದಲ್ಲಿದ್ದರು. ತಕ್ಕಡಿಯಲ್ಲಿ ಯಾರು ಯಾರು ಹೇಗೆ ಆಟ ಆಡುತ್ತಾರೆಂದು ಊಟಕ್ಕೆ ಕೂತಾಗ ಹೆಂಡತಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರಂತೆ. ಮಾವನವರು ಹೋಗಿ ಎಷ್ಟೋ ವರ್ಷವಾಯಿತು. ಅತ್ತೆ ಮಾತ್ರ ಇವತ್ತಿಗೂ ಎಲ್ಲರನ್ನೂ ತೂಗುತ್ತಲೇ ಇದ್ದಾರೆ.

ಇಂಡಿ ಕಡೆಯ ಅವರ ಹಳ್ಳಿಯಿಂದ ಆಗಾಗ ಬಸ್ಸಿನಲ್ಲಿ ಒಂದು ಚೀಲ ಜೋಳ ಬರುತ್ತದೆ. ಕಾತ್ರಜದ ಬಸ್ ಸ್ಟಾಪಿಗೆ ಹೋಗಿ ಇಳಿಸಿಕೊಂಡು ಬರುವುದು ನನ್ನ ಗಂಡ ಮಾಂತುವಿನ ಕೆಲಸ. ಚೀಲ ಮನೆಗೆ ಬಂತೋ, ಅತ್ತೆ ಕನ್ನಡಕ ಹಾಕಿಕೊಂಡು ಹೊಲಿಗೆ ನೋಡಲು ಕೂರುತ್ತಾರೆ. "ನಡು ದಾರ್ಯಾಗ ಬಿಚ್ಚ್ಯಾರ ನೋಡ. ಈ ಗಂಟು ನಮ್ಮವರು ಹಾಕಿದ್ದಲ್ಲ" ಎನ್ನುತ್ತಾರೆ. ಚೀಲ ಕಳಿಸಿದವನು ಅವರ ಸ್ವಂತ ಚಿಕ್ಕಪ್ಪನ ಮಗ. ಆಮೇಲೆ ಫೋನಿನಲ್ಲಿ ಅವನ ಮೇಲೂ ಒಂದಿಷ್ಟು ವಿಚಾರಣೆ ನಡೆಯುತ್ತದೆ.

ಇನ್ನು ನಾನು. ನನ್ನ ಹೆಸರು ನೀಲಿಮಾ, ತವರು ಧಾರವಾಡ, ಈ ಮನೆಗೆ ಮೊದಲು ಯಾವ ಬಳಗವೂ ಅಲ್ಲ. ಹಾಗಾಗಿ ನಾನು ಹೊರಗಿನಾಕಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ತವರಿಗೆ ಫೋನ್ ಹಚ್ಚಿದರೆ ಸಾಕು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಗುತ್ತಿತ್ತು. ಅತ್ತೆ ಕಿವಿ ಹಚ್ಚಿದ್ದಾರೆಂದು ಗೊತ್ತಾಗಿ ನಾನು ಬೇಕೆಂದೇ ಅವರ ಕೈರುಚಿಯನ್ನು ಹೊಗಳುತ್ತಿದ್ದೆ. ಅದಕ್ಕೂ ಅವರಿಗೆ ಸಂಶಯವೇ. "ಇಷ್ಟ್ಯಾಕ ಹೊಗಳ್ತಿ, ಏನ ಬೇಕಾಗೇದ ನಿನಗ?" ಎಂದು ಕೇಳಿದ್ದರು. ಸಿಟ್ಟು ನೆತ್ತಿಗೇರಿತ್ತು ನನಗೆ, ಈಗಲೂ ನೆನೆದರೆ ಏರುತ್ತದೆ.

ಇಂಥವರು ಮಗಳನ್ನು ಯಾರ ಮನೆಗೆ ಕೊಟ್ಟಾರು? ಬಂದ ವರಗಳಲ್ಲೆಲ್ಲ ಒಂದೊಂದು ಹುಳುಕು ಕಂಡಿತಂತೆ. ಕೊನೆಗೆ ಮಗಳು ಸಪ್ನಾಳನ್ನು ತಮ್ಮ ಸ್ವಂತ ತಮ್ಮ ಬಸವಲಿಂಗನಿಗೇ ಕೊಟ್ಟರು. ತಾಯಿ ತಂದೆ ಬೇಗ ತೀರಿಕೊಂಡಿದ್ದರಿಂದ ಆ ತಮ್ಮನನ್ನು ಪುಣೆಗೆ ಕರೆತಂದು, ಸಾಕಿ, ಓದಿಸಿದವರೂ ಇವರೇ. ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದರಲ್ಲಿ ಹುಬ್ಬೇರಿಸುವಂಥದ್ದೇನಿಲ್ಲ. ನಮ್ಮಜ್ಜಿಯೂ ತನ್ನ ಸೋದರಮಾವನನ್ನೇ ಮಾಡಿಕೊಂಡವಳು. ಬಸವಲಿಂಗ ಮಾವ ಮಾರ್ಕೆಟ್ ಯಾರ್ಡಿನ ಹತ್ತಿರ ಟೆಂಪೋ ಸಾಗಾಣಿಕೆಯ ಆಫೀಸು ಹಾಕಿ ಚೆನ್ನಾಗಿ ಬೆಳೆದರು, ನನ್ನ ಗಂಡ ಅಲ್ಲೇ ಕೆಲಸಕ್ಕಿದ್ದಾನೆ. ಸಪ್ನಾಕ್ಕನ ಮನೆ ನಮ್ಮ ಹಿಂದಿನ ಗಲ್ಲಿಯಲ್ಲಿ. ಸಂಜೆ ಆಕೆ ಬಂದು ತಾಯಿಯ ಪಕ್ಕದಲ್ಲಿ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರೆ ಅತ್ತೆಯ ಮುಖವೇ ಬೇರೆ. ಈ ಜಗತ್ತಿನಲ್ಲಿ ಅವರು ತೂಗದೆ ನಂಬಿದ ಜೀವ ಅದೊಂದೇ. ಆಕೆ ಬರದ ದಿನ ಅತ್ತೆಗೆ ಊಟ ಸೇರುವುದಿಲ್ಲ.

ಆದರೆ ಪುಣೆಯಲ್ಲಿ ಈ ಮಾತನ್ನು ಮನೆಯ ಹೊಸ್ತಿಲು ದಾಟಿಸಬಾರದು. ಮರಾಠಿ ಜನರಲ್ಲಿ ಅಕ್ಕನ ಮಗಳೆಂದರೆ ಮಗಳೇ. ಮಾಮ ಆಕೆಯ ಮದುವೆಯಲ್ಲಿ ಮುಂದೆ ನಿಂತು ಕೈಹಿಡಿದು ಮಂಟಪಕ್ಕೆ ಕರೆತರುವವನು, ಹಾರ ಹಾಕಿಸಿಕೊಳ್ಳುವವನಲ್ಲ. ಅಕ್ಕಪಕ್ಕದವರು "ನಿಮ್ಮ ಮಗಳ ಅತ್ತೆಮನೆ ಯಾವುದು" ಎಂದು ಕೇಳಿದರೆ ನಮ್ಮವರೆಲ್ಲ "ನಾತ್ಯಾತಲೇಚ್ ಆಹೇತ", ಅಂದರೆ ಬಳಗದವರೇ, ಎಂದಷ್ಟು ಹೇಳಿ ಮಾತು ತಿರುಗಿಸುತ್ತೇವೆ. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ. ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೂ ಅದು ತಾನಾಗಿ ಬಂದುಬಿಟ್ಟಿರುತ್ತದೆ.

ಹೀಗಿರುವಾಗ ಬಸವಲಿಂಗ ಮಾವನಿಗೆ ಮಹಾನಗರಪಾಲಿಕೆ ಚುನಾವಣೆಗೆ ನಿಲ್ಲುವ ಹುಕಿ ಬಂತು. ಸೋತರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಆ ಕುತೂಹಲ ಇಟ್ಟುಕೊಂಡು ಕೂರುವುದು ಬೇಡ. ಪ್ರಚಾರದ ಉಸ್ತುವಾರಿಗೆ ಕೇದಾರ ಎಂಬವನನ್ನು ಇಟ್ಟುಕೊಂಡರು. ನಮ್ಮ ಬೆಳಗಾವಿ ಕಡೆಯವನೇ, ಇಲ್ಲೇ ಓದಿ ಬೆಳೆದವನು, ಕೈಯಲ್ಲಿ ಯಾವಾಗಲೂ ಎರಡು ಫೋನು. ರಸ್ತೆ, ನೀರು, ಕಸ ಎಂದು ಮಾತನಾಡಿದರೆ ಜನ ಆಕಳಿಸುತ್ತಾರೆ, ಎದುರಿನವನ ಮನೆಯೊಳಗಿನದನ್ನು ತೆಗೆಯಬೇಕು ಎಂದು ಅವನು ಮೊದಲ ದಿನವೇ ಹೇಳಿದ. ತೆಗೆದೂ ತೆಗೆದ. ಎದುರಿನ ಅಭ್ಯರ್ಥಿಯ ಭಾವಮೈದುನ ಯಾರದೋ ಮದುವೆಯಲ್ಲಿ ಕುಡಿದು, ಬ್ಯಾಂಡಿನವರ ಡೋಲು ಕಸಿದುಕೊಂಡು, ಅದರ ಮೇಲೇ ಮುಗ್ಗರಿಸಿದ ವಿಡಿಯೋ ಪ್ರಭಾಗದ, ಅಂದರೆ ನಮ್ಮ ವಾರ್ಡಿನ, ಎಲ್ಲರ ಫೋನಿಗೂ ಬಂತು. ಅತ್ತೆ ಅದನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಇನ್ನೊಮ್ಮೆ ಹಚ್ಚ" ಎಂದರು. ಆ ಮನೆಯ ಹೆಂಗಸರು ಮರುದಿನ ಹೇಗೆ ಹೊರಗೆ ಬಂದರೋ ಎಂದು ನಾನು ಅಂದದ್ದಕ್ಕೆ, "ನಿನಗ್ಯಾಕ ಅವರ ಮ್ಯಾಲ ಅಂತಃಕರಣ?" ಎಂದು ನನ್ನನ್ನೇ ದಿಟ್ಟಿಸಿದರು.

ಆದರೆ ನಕ್ಕ ಮೇಲೆ ಅವರಿಗೇ ಹೆದರಿಕೆ ಶುರುವಾಯಿತು. ನಾವು ಅವರ ಮನೆಯೊಳಗೆ ಇಣುಕಿದರೆ ಅವರು ನಮ್ಮ ಮನೆಯೊಳಗೆ ಇಣುಕದೆ ಬಿಡುತ್ತಾರೆಯೇ? ಅಲ್ಲಿಂದ ಬಾಗಿಲಿಗೆ ಬಂದವರಿಗೆಲ್ಲ ಗ್ರಹಚಾರ. ಕರೆಂಟಿನವನು ಮೀಟರಿನ ಫೋಟೋ ತೆಗೆದರೆ, "ಮೀಟರ್ ಓದೂದು ಬಿಟ್ಟು ಫೋಟೋ ಯಾಕ ತಗೀತಾನ ಇವ? ಯಾರಿಗೆ ತೋರಿಸ್ತಾನ?" ಎಂದು ನನ್ನನ್ನು ಕೇಳುವುದು. ಗ್ಯಾಸಿನವನನ್ನು ಹೊಸ್ತಿಲಾಚೆಯೇ ನಿಲ್ಲಿಸಿದರು. ಮನೆಗೆಲಸದ ರಂಗೂಬಾಯಿ ಬಂದಾಗ ಸಪ್ನಾಕ್ಕನ ಹೆಸರೆತ್ತುವಂತಿಲ್ಲ. ನಾನು ಬಿಬವೇವಾಡಿಯ ಆಫೀಸಿಗೆ ಹೊರಟರೆ ಬಾಗಿಲವರೆಗೂ ಬಂದು, "ಅಲ್ಲೆ ಎಲ್ಲಾ ಮರಾಠಿ ಮಂದಿ. ಬಾಯಿ ಭದ್ರ" ಎಂದು ಹೇಳಿ ಕಳಿಸುತ್ತಿದ್ದರು. ಶಾಲೆಯ ಹುಡುಗಿಗೆ ಹೇಳಿದ ಹಾಗೆ.

ಆ ದಿನಗಳಲ್ಲೇ ಒಂದು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅತ್ತೆ ಭಾಳ ಖುಷಿಯಲ್ಲಿದ್ದರು. ಮಧ್ಯಾಹ್ನ ಸುರಭಿ ಎಂಬ ಹುಡುಗಿ ಬಂದಿದ್ದಳಂತೆ. ಪುಣೆಯಲ್ಲಿರುವ ನಮ್ಮ ಕಡೆಯವರ ವಧು-ವರ ಮೇಳಕ್ಕಾಗಿ ಮನೆ ಮನೆಗೆ ಹೋಗಿ ಬಳಗ ಕೇಳುತ್ತಿದ್ದಾಳಂತೆ.

"ಸೀರಿ ಉಟ್ಕೊಂಡ ಬಂದಿತ್ತು ಕೂಸು" ಎಂದರು ಅತ್ತೆ. "ಬಂದಕೂಡ್ಲೇ ಕಾಲಿಗೆ ಬಿದ್ದಿತು. ಕುರ್ಚಿ ಹಾಕಿದ್ರ ಕೂಡ್ಲಿಲ್ಲ, ಕೆಳಗ ನನ್ನ ಮಗ್ಗಲಾಗ ಕುಂತಿತು. ನಿಮ್ಮ ಪೈಕಿ ಯಾರ್ಯಾರು, ಯಾರಿಂದ ಯಾರಿಗೆ ಕೊಟ್ಟೀರಿ ಆಯೀ, ಅಂತ ನಮ್ಮ ಮಾತ್ನಾಗ ಎಷ್ಟ ಚಂದ ಕೇಳ್ತು ಅಂತೀ."

"ನೀವೇನ ಹೇಳಿದ್ರಿ?"

"ಏನ ಹೇಳ್ತಾರ, ಬಳಗ ಹೇಳಿದೆ. ಕುಂಕುಮ ಹಚ್ಚಿ, ಶೇಂಗಾ ಹೋಳಿಗಿ ತಿನಿಸಿ ಕಳಿಸೇನಿ."

ನಮ್ಮವರಲ್ಲಿ ಇದೊಂದು ಗೀಳು. ಪರಊರಿನಲ್ಲಿ ನಮ್ಮ ಕಡೆಯವರು ಸಿಕ್ಕರೆ ನೀರು ಕುಡಿಯುವ ಮೊದಲೇ ಊರು ಕೇಳಿ, ಮನೆತನ ಕೇಳಿ, ಎಲ್ಲಾದರೂ ಒಂದು ಎಳೆ ಹಿಡಿದು ಬೀಗರೆಂದೋ ಬಳಗವೆಂದೋ ಮಾಡಿಕೊಳ್ಳದಿದ್ದರೆ ಜೀವ ತಡೆಯುವುದಿಲ್ಲ. ಮೀಟರಿನವನನ್ನು ಬಿಡದ ಅತ್ತೆ ಆ ಹುಡುಗಿಯ ಗುರುತಿನ ಚೀಟಿಯನ್ನೂ ಕೇಳಿರಲಿಲ್ಲ. ನನಗೆ ಯಾಕೋ ಸರಿ ಕಾಣಲಿಲ್ಲ. ಹೊರಗಿನಾಕಿ, ಏನಾದರೂ ಅಂದರೆ ಅದು ಹೊಟ್ಟೆಕಿಚ್ಚಾಗುತ್ತದೆ ಎಂದು ಸುಮ್ಮನಾದೆ.

ಮತದಾನಕ್ಕೆ ಇನ್ನು ಕೆಲವೇ ದಿನ ಇರುವಾಗ ಬೆಳಿಗ್ಗೆ ಪೇಪರಿನ ಮಡಿಕೆಯಲ್ಲಿ ಒಂದು ಹಸಿರು ಕರಪತ್ರ ಬಂತು. ಕೆಳಗೆ ಯಾರ ಹೆಸರೂ ಇಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಮರಾಠಿಯಲ್ಲಿ "ಸಖ್ಖಾ ಮಾಮಾಚ್ ನವರಾ", ಸ್ವಂತ ಸೋದರಮಾವನೇ ಗಂಡ. ನಾನು ಅದನ್ನು ಬಚ್ಚಿಡುವ ಮೊದಲೇ ಬಸವಲಿಂಗ ಮಾವ, ಕೇದಾರ ಇಬ್ಬರೂ ನಮ್ಮ ಮನೆಯಲ್ಲಿದ್ದರು. ಪ್ರಭಾಗದ ಮನೆಮನೆಗೂ ಹೋಗಿತ್ತು, ಫೋನುಗಳಲ್ಲೂ ಓಡಾಡುತ್ತಿತ್ತು.

"ಯಾರ ಹೇಳ್ಯಾರ ಇದನ್ನ?" ಎಂದರು ಅವರು. "ಇಷ್ಟ ವರ್ಷದಾಗ ಹೊರಗ ಹೋಗಿಲ್ಲ ಈ ಮಾತು. ಒಳಗಿನವರ ಹೇಳದ ಹೋಗೂದಿಲ್ಲ."

ಅತ್ತೆ ಅರೆಗಳಿಗೆಯೂ ಯೋಚಿಸಲಿಲ್ಲ. "ನಾವೆಲ್ಲಾ ಒಂದ ಕರುಳಿನವರು. ದಿನಾ ಮರಾಠಿ ಮಂದಿ ನಡುವ ಕುಂತ ಎದ್ದ ಬರಾಕಿ ಈ ಮನ್ಯಾಗ ಒಬ್ಬಾಕೀನ ಇದ್ದಾಳ" ಎಂದರು.

ನನ್ನ ಗಂಡ ನೆಲ ನೋಡುತ್ತ ನಿಂತ. ಅವನಿಗೆ ತಾಯಿಯೂ ಬೇಕು, ಮಾವನ ಆಫೀಸಿನ ಕೆಲಸವೂ ಬೇಕು. ನನಗೆ ಮೈಯೆಲ್ಲ ಉರಿದುಹೋಯಿತು. ಕರಪತ್ರವನ್ನು ಕೈಗೆತ್ತಿಕೊಂಡೆ. ಅತ್ತೆಗೆ ಮರಾಠಿ ಮಾತು ಬರುತ್ತದೆ, ಓದಲು ಬರುವುದಿಲ್ಲ. "ನಾ ಏನೇನ ಹೇಳೀನಂತ ಎಲ್ಲಾರೂ ಕೇಳ್ರಿ" ಎಂದು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಬಾಯಲ್ಲಿ ಆಡಲಾಗದಂಥ ಮಾತುಗಳಿದ್ದವು, ಅವನ್ನೂ ಬಿಡಲಿಲ್ಲ. ನಡುವೆ ಹೀಗಿತ್ತು: ಹೆಸರಿಡುವ ದಿನ ತೊಟ್ಟಿಲ ಮುಂದೆ ಶಾಲೆಯ ಹುಡುಗ ಬಸವಲಿಂಗನನ್ನು ನಿಲ್ಲಿಸಿ, ಅವನ ಕೈಗೆ ಅರಿಷಿಣದ ಕೊಂಬು ಕೊಟ್ಟು, ಈ ಕೂಸು ನಿನ್ನದು ಎಂದು ಅಕ್ಕನೇ ಮಾತು ಕೊಟ್ಟಳು. ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ಯಾರು ಕೇಳಿದ್ದರು? ಇಂಥವರು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕಾಯುತ್ತಾರೆಯೇ?

ಓದುತ್ತ ನಾನೇ ತಡೆದು ನಿಂತೆ. ಅರಿಷಿಣದ ಕೊಂಬಿನ ಮಾತು ನನಗೆ ಗೊತ್ತೇ ಇರಲಿಲ್ಲ, ವರಗಳಲ್ಲಿ ಹುಳುಕು ಕಂಡ ಕಥೆಯನ್ನಷ್ಟೇ ಕೇಳಿದ್ದೆ. "ಇದು ಖರೇನ?" ಎಂದು ಮಾಂತುವನ್ನು ಕೇಳಿದೆ. "ನನಗೂ ಗೊತ್ತಿಲ್ಲ. ನಾ ಆವಾಗ ಹುಟ್ಟಿದ್ನೇನ?" ಎಂದ ಅವನು. ಅತ್ತೆಯ ಕಡೆ ನೋಡಿದೆ. ಜಪಮಣಿ ತಿರುಗಿಸುತ್ತಿದ್ದ ಕೈ ನಿಂತಿತ್ತು. ಸೀರೆ ಉಟ್ಟು ಬಂದಿದ್ದ ಆ ಹುಡುಗಿ ಎದುರಿನವರ ಕಡೆಯವಳೆಂದು ಆ ಕ್ಷಣ ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆದರೆ ಅವರು ತುಟಿ ಬಿಚ್ಚಲಿಲ್ಲ.

ಬಸವಲಿಂಗ ಮಾವ ಸಂಶಯ ಬಿಡಲಿಲ್ಲ. ಹೊರಡುವಾಗ ನನ್ನ ಮುಖ ನೋಡದೆ, "ಎಲೆಕ್ಷನ್ ಮುಗಿಯೂತನಾ ನೀ ಸಪ್ನಾನ ಹಂತ್ಯಾಕ ಬರಬ್ಯಾಡವಾ" ಎಂದರು. ನಾನು ಸುರಭಿಯ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆ ತಾವಾಗಿ ಬಾಯಿಬಿಟ್ಟು ಹೇಳಲಿ, ನನ್ನ ಮೇಲೆ ಹಾಕಿದ್ದನ್ನು ತಾವೇ ಇಳಿಸಲಿ ಎಂಬ ಹಟ ನನ್ನದು.

ಆಮೇಲಿನ ದಿನಗಳು ಹೇಗೆ ಹೋದವೋ ದೇವರೇ ಬಲ್ಲ. ಗಲ್ಲಿಯಲ್ಲಿ ನಡೆದರೆ ಮಾತು ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಯಾರು ನಕ್ಕರೂ ನಮ್ಮನ್ನು ನೋಡಿಯೇ ನಕ್ಕ ಹಾಗೆ. ಸಪ್ನಾಕ್ಕನ ಮಗ ಸಾತ್ವಿಕ ಕಾಲೇಜಿನಲ್ಲಿ ಯಾರನ್ನೋ ಹೊಡೆದು ಬಂದನಂತೆ, ನಿಮ್ಮಪ್ಪ ನಿನಗೆ ಅಪ್ಪನೋ ಅಜ್ಜನೋ ಎಂದು ಕೇಳಿದ್ದರಂತೆ. ಸಪ್ನಾಕ್ಕ ಮನೆ ಬಿಟ್ಟು ಹೊರಗೆ ಬರಲಿಲ್ಲ. ನಮ್ಮ ಮನೆಗೂ ಬರಲಿಲ್ಲ, ತಾಯಿಯ ಫೋನನ್ನೂ ಎತ್ತಲಿಲ್ಲ. ಅತ್ತೆ ಸಂಜೆಯಾದರೆ ಮೆಂತ್ಯದ ಸೂಡು ಮುಂದಿಟ್ಟುಕೊಂಡು ಬಾಗಿಲು ನೋಡುತ್ತ ಕೂರುತ್ತಿದ್ದರು. ಸೋಸುತ್ತಿರಲಿಲ್ಲ. ಹಾಲನ್ನು ತೂಗುವುದು ನಿಂತಿತು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯುತ್ತಿತ್ತು. ಹೇಳಿದ್ದು ತಾವೇ ಎಂದು ಮಗಳಿಗೆ ಗೊತ್ತಾದರೆ ಮತ್ತೆಂದೂ ಈ ಹೊಸ್ತಿಲು ತುಳಿಯಲಿಕ್ಕಿಲ್ಲ ಎಂಬ ಒಂದೇ ಭಯ ಅವರನ್ನು ತಿನ್ನುತ್ತಿತ್ತು. ನನಗೆ ಕರುಣೆ ಬಂತು, ಸಿಟ್ಟೂ ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ಕೇದಾರ ಒಂದು ದಾರಿ ಹುಡುಕಿದ. ರೂಢಿ ಇದ್ದವರಿಗೆ ಇಂಥ ಮದುವೆಗೆ ಕಾಯ್ದೆಯ ಅಡ್ಡಿ ಇಲ್ಲ ಎಂದು ವಕೀಲರನ್ನು ಕೇಳಿ ಬಂದಿದ್ದ. ಆದರೆ ಜನಕ್ಕೆ ಕಾಯ್ದೆ ಬೇಡ, ಹೆಣ್ಣಿನ ಬಾಯಿಂದಲೇ ಮಾತು ಬರಬೇಕು ಎಂದ. ಸಪ್ನಾಕ್ಕ ವಿಡಿಯೋದಲ್ಲಿ ಬಂದು, ಇದು ನಮ್ಮ ಪದ್ಧತಿ, ನನ್ನನ್ನು ಕೇಳಿ, ನನ್ನ ಇಚ್ಛೆಯಿಂದಲೇ ಮಾಡಿದ ಮದುವೆ ಎಂದು ಹೇಳಿದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ಬಸವಲಿಂಗ ಮಾವ ಒಪ್ಪಿದರು.

ವಿಡಿಯೋ ತೆಗೆಯುವ ದಿನ ಅತ್ತೆ ಇಳಕಲ್ ಸೀರೆ ಉಟ್ಟು ನನ್ನ ಮುಂದೆ ಬಂದು ನಿಂತರು. "ನೀನೂ ನಡಿ" ಎಂದರು.

"ನನಗ ಬರಬ್ಯಾಡ ಅಂದಾರ್ರಿ."

"ನಾ ಹೇಳ್ತೀನಿ, ನಡಿ."

ಸಪ್ನಾಕ್ಕನ ಮನೆಯಲ್ಲಿ ಕೇದಾರ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ, ಹಿಂದಿನ ಗೋಡೆಗೆ ದೇವರ ಫೋಟೋ ಕಾಣುವ ಹಾಗೆ ಕುರ್ಚಿ ಸರಿಸುತ್ತಿದ್ದ. ಸಪ್ನಾಕ್ಕ ಕುರ್ಚಿಯಲ್ಲಿ ಕೂತಿದ್ದಳು. ಮುಖ ಇಳಿದಿತ್ತು. ನನ್ನನ್ನು ಕಂಡು ಬಸವಲಿಂಗ ಮಾವ ಎದ್ದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಮಾತನಾಡಿದರು.

"ಆಕಿನ ಮ್ಯಾಲ ಸಿಟ್ಟ ಮಾಡಬ್ಯಾಡ ತಮ್ಮಾ. ಹೇಳಿದಾಕಿ ನಾನು. ವಧು-ವರ ಮೇಳ ಅಂತ ಒಂದ ಹುಡಿಗಿ ಬಂದಿತ್ತು. ಅರಿಷಿಣದ ಕೊಂಬಿಂದೂ ನಾನ ಹೇಳೀನಿ. ಗೊತ್ತಾದ ಮ್ಯಾಲೂ ಸುಮ್ಮನ ಇದ್ದೆ, ಈಕಿನ ಮ್ಯಾಲ ಹಾಕಿ."

ಮಾವ ನಂಬದವರ ಹಾಗೆ ಅಕ್ಕನನ್ನು ನೋಡಿದರು. "ನೀ ಯಾರನ್ನೂ ನಂಬಾಕಿ ಅಲ್ಲಲ್ಲ ಅಕ್ಕಾ."

"ನಮ್ಮ ಮಾತ ಆಡ್ತಿತ್ತು" ಎಂದರು ಅತ್ತೆ. "ಕೆಳಗ ಕುಂತಿತ್ತು. ನನ್ನ ಮಗಳನ್ನ ಪರರ ಮನಿಗೆ ಕಳಿಸಲಿಲ್ಲ, ನನ್ನ ತಮ್ಮಗ ಕೊಟ್ಟ ಸುಖದಾಗ ಇಟ್ಟೀನಿ ಅಂತ ಹೆಮ್ಮಿ ಬಂತು. ಹೇಳಿದೆ."

ಹೇಳುವಾಗ ಅವರ ಕಣ್ಣು ತಮ್ಮನ ಮೇಲೂ ಇರಲಿಲ್ಲ, ನನ್ನ ಮೇಲೂ ಇರಲಿಲ್ಲ, ಮಗಳ ಮೇಲಿತ್ತು. ಮಗಳು ಬೈದರೆ ಬೈಯಲಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದರು. ಸಪ್ನಾಕ್ಕ ಸೆರಗು ಸರಿ ಮಾಡಿಕೊಂಡು, "ಶುರು ಮಾಡ್ರಿ" ಎಂದು ಕೇದಾರನಿಗೆ ಹೇಳಿದಳು.

ಆಕೆ ಮಾತನಾಡಿದ ರೀತಿಗೆ ನಾನು ಬೆರಗಾದೆ. ಅಚ್ಚ ಮರಾಠಿ, ಎಲ್ಲೂ ತಡವರಿಕೆ ಇಲ್ಲ. ಇದು ನಮ್ಮ ಕಡೆಯ ಪದ್ಧತಿ, ಇದರಲ್ಲಿ ಹೊಲಸೇನಿಲ್ಲ ಎಂದಳು. ನನ್ನ ಗಂಡ ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ ಎಂದಳು. ಹೆಸರು ಹಾಕದೆ ಪೇಪರಿನ ಮಡಿಕೆಯಲ್ಲಿ ಕಾಗದ ತೂರಿಸುವವರು ನಿಮ್ಮ ಮನೆಯೊಳಗೂ ನಾಳೆ ಬರುತ್ತಾರೆ ಎಂದಳು. ಅಷ್ಟಕ್ಕೆ ನಿಲ್ಲಿಸಿದಳು.

"ವಹಿನೀ, ಆ ಇಚ್ಛೆಯ ಮಾತು ಉಳೀತು" ಎಂದು ಕೇದಾರ ನೆನಪಿಸಿದ. "ನನ್ನನ್ನ ಕೇಳೇ ಮಾಡಿದ್ರು ಅಂತ. ಅದ ಮುಖ್ಯ ಅದ."

"ಅದೊಂದ ಬಿಟ್ಟು ಏನ ಬೇಕಾದ್ರೂ ಹೇಳ್ತೀನಿ."

ಕೇದಾರ ಮಾವನ ಮುಖ ನೋಡಿದ. ಮಾವ ಹೆಂಡತಿಯ ಮುಖ ನೋಡಿದರು. ಅತ್ತೆ ಮೆಲ್ಲಗೆ ಮುಂದೆ ಬಂದು, "ಹೇಳವಾ ಕೂಸ, ಒಂದ ಮಾತು" ಎಂದರು.

"ಖರೇ ಇಲ್ಲದ್ದ ಹ್ಯಾಂಗ ಹೇಳಲಿ ಯವ್ವಾ?" ಎಂದಳು ಸಪ್ನಾಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಕಾಗದದಾಗ ಬರದಿದ್ದೆಲ್ಲಾ ಹೊಲಸು. ಆದ್ರ ಆ ಕೂಸನ್ನ ಯಾರ ಕೇಳಿದ್ರು ಅಂತ ಒಂದ ಮಾತ ಬರದಾರ. ಅದನ್ನ ಓದಿ ನಾ ಮನಿ ಬಿಟ್ಟ ಹೊರಗ ಬಂದಿಲ್ಲ. ಮಂದಿಗೆ ಅಂಜಿ ಅಲ್ಲ. ಗೊತ್ತಿಲ್ಲದ ಹುಡಿಗೀನ ಮಗ್ಗಲಾಗ ಕೂಡಿಸ್ಕೊಂಡು ನನ್ನ ಲಗ್ನದ ಮಾತ ಎಲ್ಲಾ ಹೇಳಿದಿ. ನನ್ನ ಕೂಡ ಒಂದ ಸಲನೂ ಆಡಿಲ್ಲ."

ಬಸವಲಿಂಗ ಮಾವ ಹೆಂಡತಿಯ ಕಡೆ ತಿರುಗಿ ಕೇಳಿದರು. "ಹಂಗಾರ ನಿನಗ ಮನಸ ಇರಲಿಲ್ಲೇನು?"

"ಮಗ ಕಾಲೇಜಿಗೆ ಹೋಗ್ತಾನ" ಎಂದಳು ಸಪ್ನಾಕ್ಕ. "ಈಗ ಎಲೆಕ್ಷನ್ ಬಂತಂತ ಕೇಳ್ಲಾಕತ್ತೀರಿ."

ಕೇದಾರ ಫೋನಿನ ಕಡೆ ಕೈ ಚಾಚಿದ. ಮಾವ ಅವನನ್ನು ತಡೆದು, ತಾವೇ ಫೋನನ್ನು ಸ್ಟ್ಯಾಂಡಿನಿಂದ ತೆಗೆದು, ಆಗಿದ್ದಷ್ಟನ್ನೂ ಅಳಿಸಿಹಾಕು ಎಂದು ಅವನ ಕೈಗೆ ಕೊಟ್ಟರು. ಆ ವಿಡಿಯೋ ಎಲ್ಲಿಗೂ ಹೋಗಲಿಲ್ಲ. ನಾವು ಹೊರಡುವಾಗ ಸಪ್ನಾಕ್ಕ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದಳು, "ನಾಳೆ ಬಾ" ಎಂದಳು. ತಾಯಿಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಗಲ್ಲಿಯಲ್ಲಿ ಅತ್ತೆ ನನ್ನ ಹಿಂದೆ ಹಿಂದೆ ನಡೆಯುತ್ತಿದ್ದರು. ಎಂದೂ ಹಾಗೆ ನಡೆದವರಲ್ಲ, ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ. ಮನೆ ಹತ್ತಿರ ಬಂದಾಗ ಕರೆದರು.

"ನೀಲಿಮಾ. ಮಾಂತುಗ ಕೊಡೂ ಮುಂದ ನಿಮ್ಮ ಮನ್ಯಾಗ ನಿನ್ನ ಕೇಳಿದ್ರೇನು?"

"ಕೇಳಿದ್ರಿ ಅತ್ತೀ. ನಮ್ಮಪ್ಪ ಕೇಳಿದ. ನಾ ಹೂಂ ಅಂದೆ."

ಅತ್ತೆ ರಸ್ತೆಯ ಬದಿಯಲ್ಲೇ ನಿಂತುಬಿಟ್ಟರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ನನ್ನ ಎದುರೇ, ಗಲ್ಲಿಯ ಜನರೆಲ್ಲ ನೋಡುತ್ತಿರುವಾಗಲೇ ಅತ್ತರು.